ಕಾಲುವೆ ದಾರಿಗೆ ಹಿಡಿದ ಸಲಿಕೆ

ಯಾವ ಹತಾರ ಹಿಡಿದು ಹೊರಡಬೇಕು ಎಂದು ನಾನು ನಿಂತು ಯೋಚಿಸಿದ್ದು ಬದುಕಿನಲ್ಲಿ ಅದೊಂದೇ ಸಲ. ಉಳಿದ ದಿನಗಳಲ್ಲಿ ಕೆಲಸವೇ ಹತಾರವನ್ನು ಆರಿಸುತ್ತದೆ. ಹುಲ್ಲು ಬೆಳೆದಿದ್ದರೆ ಕುಡುಗೋಲು, ಗಿಡದ ಪಾತಿ ಒಡೆದಿದ್ದರೆ ಸಲಿಕೆ, ಒಣ ಟೊಂಗೆ ಕಂಡರೆ ಕೊಡಲಿ. ಕೈ ತಾನಾಗಿ ಹೋಗಿ ಹಿಡಿಯುತ್ತದೆ, ತಲೆಯನ್ನು ಕೇಳುವುದಿಲ್ಲ. ಅವತ್ತು ಸಂಜೆ ಪಂಪಿನ ಕೋಣೆಯ ಮೂಲೆಯಲ್ಲಿ ಎಲ್ಲವೂ ಗೋಡೆಗೆ ಒರಗಿ ನಿಂತಿದ್ದವು, ನಾನು ಅವುಗಳ ಮುಂದೆ ನಿಂತಿದ್ದೆ, ಕೈ ಮುಂದೆ ಹೋಗುತ್ತಿರಲಿಲ್ಲ. ಆ ದಾರಿಯಲ್ಲಿ ಎಲ್ಲೋ ನನ್ನ ಅವ್ವ ಇದ್ದಳು. ಅವಳ ಕೈಯಲ್ಲಿ ನನ್ನ ಮಗಳು ಇದ್ದಳು.

ನಾನು ತಾಳಿಕೋಟಿ ಕಡೆಯವನು. ಐದನೆಯ ಇಯತ್ತೆಗೆ ಸಾಲಿ ಬಿಟ್ಟು ಮಾವನ ಜೊತೆ ನಾಸಿಕದ ದ್ರಾಕ್ಷಿ ತೋಟಗಳಿಗೆ ಬಂದವನು. ದೇವಳಾಲಿ ಕ್ಯಾಂಪಿನ ಆಚೆಯ ತೋಟದಲ್ಲಿದ್ದಾಗ ಮಿಲಿಟರಿಯವರ ತೋಪಿನ ಸದ್ದಿಗೆ ನಮ್ಮ ತಗಡಿನ ಗುಡಿಸಲು ನಡುಗುತ್ತಿತ್ತು. ಬೇರೆಯವರು ಎದ್ದು ಕೂಡುತ್ತಿದ್ದರು, ನಾನು ಮಗ್ಗಲು ಬದಲಿಸಿ ಮಲಗುತ್ತಿದ್ದೆ. ಹೆದರುವ ಕುಳ ನಾನಲ್ಲ ಎಂದು ಆಗಿನಿಂದಲೇ ತಿಳಿದುಕೊಂಡಿದ್ದೆ. ಮದುವೆಯಾದ ಮೇಲೆ ಪೈಠಣದ ಕಡೆಯ ಈ ಮೋಸಂಬಿ ತೋಟಕ್ಕೆ ವರ್ಷದ ಆಳಾಗಿ ಬಂದೆ. ಧಣಿ ಸಂಭಾಜಿನಗರದಲ್ಲಿ ಇರುತ್ತಾರೆ, ವಾರಕ್ಕೊಮ್ಮೆ ಬಂದು ಹೋಗುತ್ತಾರೆ. ತೋಟ ನನ್ನ ಕೈಯಲ್ಲಿದೆ. ನಾನು ಬಂದ ಮೇಲೆ ಒಂದು ಗಿಡವೂ ಒಣಗಿಲ್ಲ. ಇದನ್ನು ಧಣಿಯೇ ನಾಲ್ಕು ಜನರ ಮುಂದೆ ಹೇಳುತ್ತಾರೆ, ನಾನು ಹೇಳಿಕೊಳ್ಳುವ ಕಾರಣವಿಲ್ಲ.

ಆ ವರ್ಷ ಮಳೆಗಾಲ ಮುಗಿದ ಮೇಲೆ ಅವ್ವ ಊರಿಂದ ಬಂದಳು, ಮೊಮ್ಮಗಳನ್ನು ನೋಡಲು. ಮಗಳಿಗೆ ಆಗ ಐದು ತುಂಬುತ್ತಿತ್ತು. ಇಲ್ಲೇ ಹುಟ್ಟಿದ್ದು, ಇಲ್ಲಿಯ ಅಂಗನವಾಡಿಗೇ ಹೋಗುವುದು. ಅವ್ವ ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತದೆ, ಆದರೆ ತಿರುಗಿ ಹೇಳುವುದೆಲ್ಲ ಮರಾಠಿಯಲ್ಲಿ. ಅವ್ವನಿಗೆ ಮರಾಠಿಯ ಗಂಧ ಇಲ್ಲ. ಇಬ್ಬರೂ ದಿನವಿಡೀ ಮಾತಾಡುತ್ತಿದ್ದರು. ಒಬ್ಬರಿಗೊಬ್ಬರು ಏನು ತಿಳಿದುಕೊಳ್ಳುತ್ತಿದ್ದರೋ, ಜಗಳ ಮಾತ್ರ ಆಗುತ್ತಿರಲಿಲ್ಲ.

ಅದೇ ಸುಮಾರಿಗೆ ನಮ್ಮ ಕಡೆಯ ಹಳ್ಳಿಗಳಲ್ಲಿ ಕಳ್ಳರ ಸುದ್ದಿ ಹಬ್ಬಿತ್ತು. ಮೊದಲು ಪಂಪಿನ ಕೇಬಲ್ ಹೋಯಿತು ಎಂದರು, ಆಮೇಲೆ ಆಡು ಹೋಯಿತು ಎಂದರು, ಆಮೇಲೆ ಮಕ್ಕಳನ್ನು ಒಯ್ಯುವವರು ಬಂದಿದ್ದಾರೆ ಎಂದರು. ಹೆಂಗಸರೇ ಬರುತ್ತಾರಂತೆ, ಸೀರೆ ಉಟ್ಟು, ಗಂಟು ಹಿಡಿದು, ಭಿಕ್ಷೆಯವರ ಹಾಗೆ. ನನ್ನ ಹೆಂಡತಿಯ ಫೋನಿಗೆ ಒಂದು ವಿಡಿಯೋ ಬಂದಿತ್ತು. ಯಾವ ಊರಿನದೋ ತಿಳಿಯದು. ಒಬ್ಬ ಹೆಂಗಸನ್ನು ಕಂಬಕ್ಕೆ ಕಟ್ಟಿದ್ದರು. ಅವಳು ಕೈಮುಗಿದು ಏನೋ ಹೇಳುತ್ತಿದ್ದಳು, ಯಾರೂ ಕೇಳುತ್ತಿರಲಿಲ್ಲ. ಪೂರ್ತಿ ನೋಡಲು ನನ್ನಿಂದ ಆಗಲಿಲ್ಲ. ಹೆಂಡತಿ ನೋಡಿದಳು. ಅವತ್ತಿನಿಂದ ಮಗಳಿಗೆ ಒಂದೇ ಪಾಠ: ಗುರುತಿಲ್ಲದವರು ಮಾತಾಡಿಸಿದರೆ ಬಾಯಿ ಬಿಡಬೇಡ, ಹೆಸರು ಹೇಳಬೇಡ, ಊರು ಹೇಳಬೇಡ. ನಾನೂ ಕೂಡಿಸಿಕೊಂಡು ಹೇಳಿದೆ. ಹೇಳಿದ್ದನ್ನು ಅವಳ ಬಾಯಿಂದ ತಿರುಗಿ ಹೇಳಿಸಿದೆ.

ಹಳ್ಳಿಹಳ್ಳಿಗೆ ಹುಡುಗರು ಕಾವಲು ಕೂಡತೊಡಗಿದರು. ಕತ್ತಲಾಗುವ ಹೊತ್ತಿಗೆ ಕೋಲು, ಬ್ಯಾಟರಿ ಹಿಡಿದು ದಾರಿಗೆ ಬರುತ್ತಿದ್ದರು. ಅವರದೇನು ತಪ್ಪು ಎಂದು ನಾನು ಅನ್ನುತ್ತಿದ್ದೆ. ನಮ್ಮ ಊರಲ್ಲಾದರೂ ಹೀಗೇ ಮಾಡುತ್ತಿದ್ದೆವು.

ಅವತ್ತು ಅವ್ವನಿಗೆ ಪೈಠಣಕ್ಕೆ ಹೋಗಿ ಗಂಗೆಯಲ್ಲಿ ಮೀಯುವ ಮನಸ್ಸಾಯಿತು. ಇಲ್ಲಿಯವರು ಗೋದಾವರಿಯನ್ನು ಗಂಗೆ ಎಂದೇ ಕರೆಯುತ್ತಾರೆ, ಅವ್ವನೂ ಹಾಗೇ ಕರೆಯಲು ಕಲಿತಿದ್ದಳು. ಮಗಳು ನಾನೂ ಬರುತ್ತೇನೆ ಎಂದು ಹಟ ಹಿಡಿದಳು. ಬೆಳಿಗ್ಗೆ ಗುರುತಿನ ಆಪೆ ರಿಕ್ಷಾದಲ್ಲಿ ಇಬ್ಬರನ್ನೂ ಕೂಡಿಸಿ, ಮಧ್ಯಾಹ್ನದ ಮೇಲೆ ಅದೇ ರಿಕ್ಷಾದಲ್ಲಿ ತಂದು ನಮ್ಮ ದಾರಿಗೆ ಇಳಿಸು ಎಂದು ಹೇಳಿ ಕಳಿಸಿದೆ. ನನಗೆ ಔಷಧ ಹೊಡೆಯುವ ಕೆಲಸ ಇತ್ತು. ಹೆಂಡತಿಗೆ ಜ್ವರ.

ಹೊತ್ತು ಇಳಿಯಿತು, ಬರಲಿಲ್ಲ. ರಿಕ್ಷಾದವನಿಗೆ ಫೋನ್ ಹಚ್ಚಿದರೆ ಅವನು ನಿಶ್ಚಿಂತೆಯಿಂದ ಹೇಳಿದ, "ಅವರು ಆಗಲೇ ಇಳಿದರಲ್ಲ ಭಾವೂ. ಕಾಲುವೆ ಪುಲಿನ ಹತ್ತಿರ. ನಾನು ಇನ್ನೂ ಮುಂದೆ ಅಂದೆ, ಆಜಿ ಕೇಳಲಿಲ್ಲ. ನೀರಿನ ಟಾಕಿ ತೋರಿಸಿ ಇದೇ ಅಂತ ಇಳಿದೇ ಬಿಟ್ಟರು."

ಬಿಳಿ ಬಣ್ಣದ ನೀರಿನ ಟಾಕಿ ಇಲ್ಲಿ ಪ್ರತಿ ಊರಿಗೂ ಒಂದಿದೆ. ಅವ್ವ ನಮ್ಮ ಟಾಕಿ ಎಂದು ತಿಳಿದು ಹಿಂದಿನ ಊರಿನ ಟಾಕಿಗೆ ಇಳಿದಿದ್ದಳು. ಆ ಊರು ಕಾಲುವೆಯ ಪುಲು, ಅಂದರೆ ಸೇತುವೆ, ದಾಟಿದರೆ ಆಚೆ. ಆ ಕಡೆ ನಮಗೆ ಬಳಕೆ ಇಲ್ಲ, ಸಂತೆಗೂ ಆಸ್ಪತ್ರೆಗೂ ನಾವು ಈ ಕಡೆಯಿಂದಲೇ ಹೋಗುವುದು. ಅಲ್ಲಿ ನನ್ನ ಮುಖ ಯಾರಿಗೂ ಗೊತ್ತಿಲ್ಲ. ಇಳಕಲ್ ಸೀರೆ ಉಟ್ಟ ಮುದುಕಿ, ಕೈಯಲ್ಲಿ ಗಂಟು, ಬಾಯಲ್ಲಿ ಯಾರಿಗೂ ತಿಳಿಯದ ಮಾತು, ಬೆರಳು ಹಿಡಿದು ಮರಾಠಿ ಮಾತಾಡುವ ಕೂಸು. ಇದೆಲ್ಲ ಒಮ್ಮೆಗೇ ಕಣ್ಣ ಮುಂದೆ ಬಂತು.

ಧಣಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ತೋಟದ ಮೋಟಾರ್ ಸೈಕಲ್ಲನ್ನು ಅವರ ಮಗ ಒಯ್ದಿದ್ದ. ನಡೆದೇ ಹೋಗಬೇಕು. ಪಂಪಿನ ಕೋಣೆಗೆ ಹೋದೆ.

ಮೊದಲು ಕೈಗೆ ಬಂದದ್ದು ಕೊಡಲಿ. ಜಾಲಿ ಕಟ್ಟಿಗೆಯ ಕಾವು, ಹಿಡಿಯಲು ನಾನೇ ಕೆತ್ತಿ ಕೂಡಿಸಿದ್ದು. ನಮ್ಮ ಊರಲ್ಲಿ ಗಂಡಸು ಸಂಜೆ ಹೊತ್ತು ಹೊಲದ ದಾರಿಗೆ ಹೊರಟರೆ ಹೆಗಲ ಮೇಲೆ ಕೊಡಲಿ ಇದ್ದೇ ಇರುತ್ತದೆ. ಅಪ್ಪ ಹಾಗೆ ಹೋಗುತ್ತಿದ್ದ, ಅವನ ಅಪ್ಪನೂ ಹಾಗೆ. ಅದನ್ನು ಯಾರೂ ಆಯುಧ ಅನ್ನುವುದಿಲ್ಲ. ಬರಿಗೈಯಲ್ಲಿ ಹೋದರೆ ಎಲ್ಲಿ ಹೊರಟೆ ಎಂದು ಕೇಳುತ್ತಾರೆ. ನಾನು ಹೆಗಲಿಗೆ ಹಾಕಿ ಹೊರಗೆ ಬಂದೆ. ಹೆಂಡತಿ ಕಂಬಳಿ ಹೊದ್ದು ಬಾಗಿಲಲ್ಲಿ ನಿಂತಿದ್ದಳು.

"ಅದನ್ನ ಒಳಗ ಇಡ್ರಿ" ಅಂದಳು.

"ಬರಿಗೈಲೆ ಹೋಗಲ್ಯಾ?"

"ಕೊಡ್ಲಿ ಹಿಡಕೊಂಡು ಗುರತಿಲ್ಲದ ಊರಿಗೆ ಹ್ವಾದ್ರ ನಿಮ್ಮನ್ನ ಏನಂತಾರ? ಅತ್ತೀನ್ನ ಹುಡುಕಾಕ ಬಂದಾನ ಅಂತಾರೇನು? ಆ ಕಡೀಂದ ಒಬ್ಬಾಂವ ಹಿಂಗ ಕೊಡ್ಲಿ ಹಿಡಕೊಂಡು ನಮ್ಮ ತ್ವಾಟಕ್ಕ ಬಂದ್ರ ನೀವ ಸುಮ್ಮನಿರತಿದ್ರೇನು?"

"ಅಕಸ್ಮಾತ್ ಅವರು ಅವ್ವನ ಮೈಮ್ಯಾಲ ಕೈ ಮಾಡಿದ್ರ?"

ಅವಳು ಕಂಬಳಿ ಬಿಗಿದು ಹೊದ್ದಳು. "ಮಂದಿ ಭಾಳ ಇರತಾರ. ನೀವ ಒಬ್ಬರು" ಅಂದಳು.

ತಿರುಗಿ ಒಳಗೆ ಹೋದೆ. ಕುಡುಗೋಲು ಸಣ್ಣದು, ಅಂಗಿಯೊಳಗೆ ಹೋಗುತ್ತದೆ. ಆದರೆ ಅಂಗಿಯೊಳಗಿಂದ ಕುಡುಗೋಲು ಸಿಕ್ಕಿದರೆ ಹೇಳುವ ಮಾತೇ ಇಲ್ಲ, ಅದು ಕಳ್ಳನ ಲಕ್ಷಣ. ಹಾರೆಯನ್ನು ಎತ್ತಿ ನೋಡಿದೆ. ಒಂದು ಪೆಟ್ಟಿಗೆ ಸರಿ, ಎರಡನೆಯ ಪೆಟ್ಟಿಗೆ ತೋಳು ಏಳುವುದಿಲ್ಲ. ಹೊತ್ತು ಓಡಲೂ ಬರುವುದಿಲ್ಲ. ಕಬ್ಬು ಕಡಿಯುವ ಕೊಯ್ತಾ ಇತ್ತು, ಅದನ್ನು ನೋಡಿದರೆ ನನಗೇ ಆ ವಿಡಿಯೋ ನೆನಪಾಯಿತು. ಅವುಗಳಲ್ಲಿ ಒಂದೊಂದನ್ನೂ ನಾನು ವರ್ಷಗಟ್ಟಲೆ ಹಿಡಿದಿದ್ದೇನೆ. ಇದು ಮನುಷ್ಯನ ಮೈಗೆ ಎಲ್ಲಿ ಬೀಳುತ್ತದೆ, ಎಷ್ಟು ಒಳಗೆ ಹೋಗುತ್ತದೆ ಎಂದು ಲೆಕ್ಕ ಹಾಕಿದ್ದು ಅವತ್ತೇ.

ಕಡೆಗೆ ಸಲಿಕೆ ತೆಗೆದುಕೊಂಡೆ. ಅದು ನನಗೆ ಹೊಳೆದಾಗ ನನ್ನ ಬುದ್ಧಿಯನ್ನು ನಾನೇ ಮೆಚ್ಚಿದೆ. ಹೊತ್ತು ಮುಳುಗುವಾಗ ಸಲಿಕೆ ಹಿಡಿದು ನಡೆಯುವವನು ನೀರು ಹಾಯಿಸುವವನು. ಕರೆಂಟು ಯಾವಾಗ ಬರುತ್ತದೋ ಆವಾಗ ಹೊಲಕ್ಕೆ ಓಡುವ ಸೀಮೆ ಇದು. ಸಲಿಕೆಯವನನ್ನು ಯಾರೂ ತಡೆಯುವುದಿಲ್ಲ. ಉದ್ದನೆಯ ಕಾವು, ಅಂಚು ಮಣ್ಣಿಗೆ ಸವೆದು ಬ್ಲೇಡಿನಂತೆ ಆಗಿತ್ತು. ಬೇಕಾದರೆ ಕೆಲಸಕ್ಕೆ ಬರುತ್ತದೆ, ಬೇಡವಾದರೆ ಬರೀ ಸಲಿಕೆ. ಮತ್ತೂ ಒಂದು ಮಾಡಿದೆ. ಪಂಪಿನ ಮುಂದಿನ ಕೆಸರಿಗೆ ಇಳಿದು ಮೊಣಕಾಲಿನವರೆಗೆ ಕಾಲು ಬಳಿದುಕೊಂಡೆ, ಪ್ಯಾಂಟು ಮಡಚಿದೆ. ಈಗ ಯಾರು ನೋಡಿದರೂ ನೀರು ಹಾಯಿಸಿ ಮನೆಗೆ ಹೊರಟ ರೈತ.

ದಾರಿಯುದ್ದಕ್ಕೂ ಹತ್ತಿಯ ಹೊಲ. ಸೂರ್ಯ ಮುಳುಗಿದ್ದ, ಆಕಾಶದಲ್ಲಿ ಬೆಳಕು ಉಳಿದಿತ್ತು. ನಾಯಿ ಬೊಗಳಿದಲ್ಲೆಲ್ಲ ನಿಂತು ಕೇಳಿದೆ. ಮಗಳು ಅಳುವ ಸದ್ದು ಬರಲಿ ಎಂದೂ ಅನಿಸುತ್ತಿತ್ತು, ಬರದಿರಲಿ ಎಂದೂ ಅನಿಸುತ್ತಿತ್ತು. ಬೆವರಿಗೆ ಸಲಿಕೆಯ ಕಾವು ಅಂಗೈಯಲ್ಲಿ ಜಾರುತ್ತಿತ್ತು. ನಾನು ಬೆವರಿಗೆ ಹೆದರಿದವನಲ್ಲ, ಆದರೆ ಕೆಲಸವಿಲ್ಲದ ಬೆವರಿಗೆ ಬೇರೆ ವಾಸನೆ ಇರುತ್ತದೆ.

ಕಾಲುವೆಯ ಪುಲಿನ ಹತ್ತಿರ ಬ್ಯಾಟರಿ ಬೆಳಕು ನೇರ ಕಣ್ಣಿಗೆ ಬಿತ್ತು. "ಯಾರು? ನಿಲ್ಲು ಅಲ್ಲೇ." ಅವರ ಮಾತೆಲ್ಲ ಮರಾಠಿ, ನಾನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ.

ಹುಡುಗರ ಗುಂಪು. ಕೋಲುಗಳು, ಒಬ್ಬನ ಕೈಯಲ್ಲಿ ಕ್ರಿಕೆಟ್ ಬ್ಯಾಟು. ಪುಲಿನ ಕಟ್ಟೆಯ ಮೇಲೆ ಬಿಳಿ ಟೊಪ್ಪಿಗೆಯ ಒಬ್ಬ ಮುದುಕ ಕುಳಿತಿದ್ದ. ಬ್ಯಾಟಿನ ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿ, ಕೆಸರು ಕಾಲಿನ ಮೇಲೆ ಬೆಳಕು ನಿಲ್ಲಿಸಿದ.

"ಎಲ್ಲಿಂದ ಬಂದೆ?"

"ನೀರು ಹಾಯಿಸಿ ಬಂದೆ ಭಾವೂ."

ಒಬ್ಬ ನಕ್ಕ. ಬ್ಯಾಟಿನ ಹುಡುಗ ಬ್ಯಾಟರಿಯನ್ನು ಕಾಲುವೆಯ ಒಳಗೆ ಬಿಟ್ಟ. ನಾನೂ ನೋಡಿದೆ. ಕಾಲುವೆ ಒಣಗಿತ್ತು. ತಳದ ಮಣ್ಣು ಬಿರುಕು ಬಿಟ್ಟಿತ್ತು, ಪ್ಲಾಸ್ಟಿಕ್ ಚೀಲ, ಒಂದು ಹಳೆಯ ಚಪ್ಪಲಿ ಬಿದ್ದಿದ್ದವು.

"ಯಾವ ನೀರು? ಪಾಳಿ ನಿಂತು ಎಷ್ಟು ದಿನ ಆಯಿತು. ಬಾಟ್ಲಿ ನೀರು ಹಾಯಿಸಿದೆಯೇನು ಹೊಲಕ್ಕೆ?"

ನಮ್ಮ ತೋಟಕ್ಕೆ ಬಾವಿ ಇದೆ, ಬಿಸಿಲಿನಿಂದ ನಡೆಯುವ ಪಂಪಿದೆ. ಕಾಲುವೆಗೆ ನೀರು ಬಿಡುವ ಪಾಳಿ ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂದು ನಾನು ಯಾವತ್ತೂ ಕೇಳಿದವನಲ್ಲ. ಈ ಊರಿನವರಿಗೆ ಕಾಲುವೆಯೇ ಎಲ್ಲ. ಆ ವಾರ ಆ ಊರಿನ ಒಂದು ಕಾಲಿಗೂ ಕೆಸರು ಇರಲಿಲ್ಲ. ನನ್ನವೆರಡು ಕಾಲು ಬಿಟ್ಟು.

"ಮೊನ್ನೆ ಕೇಬಲ್ ಒಯ್ದವರ ಹೆಜ್ಜೆಗಳೂ ಹೀಗೇ ಕೆಸರಿನವಿದ್ದವು" ಎಂದು ಹಿಂದಿನಿಂದ ಯಾರೋ ಅಂದರು. ಹುಡುಗರು ಸುತ್ತ ಸರಿದು ನಿಂತರು. ನನ್ನ ಬೆನ್ನ ಹಿಂದೆಯೂ ಉಸಿರು ಕೇಳಿಸಿತು.

ಇಷ್ಟು ವರ್ಷ ಈ ಸೀಮೆಯಲ್ಲಿ ದುಡಿದಿದ್ದೇನೆ, ನನ್ನ ಮರಾಠಿಯನ್ನು ಕೇಳಿ ಇಲ್ಲಿಯ ಯಾವ ಜಿಲ್ಲೆಯವರು ಎಂದು ಕೇಳುವವರಿದ್ದಾರೆ. ಆ ಹೊತ್ತಿನಲ್ಲಿ ಅದು ಎಲ್ಲಿ ಹೋಯಿತೋ. ಒಂದು ಮಾತು ಮರಾಠಿಯದು ಬಂದರೆ ಮುಂದಿನದು ಕನ್ನಡದ್ದು ಬರುತ್ತಿತ್ತು. ನನ್ನ ಕಿವಿಗೇ ನಾನು ಕಳ್ಳನ ಹಾಗೆ ಕೇಳಿಸಿದೆ.

"ಸಲಿಕೆ ಕೊಡು" ಎಂದು ಬ್ಯಾಟಿನ ಹುಡುಗ ಕಾವಿನ ಮೇಲೆ ಕೈಯಿಟ್ಟ.

ನಾನು ಬಿಡಲಿಲ್ಲ. ಅವನು ಎಳೆದ, ನಾನು ಹಿಡಿದೆ. ಅವನ ಮುಖ ನನ್ನ ಮುಖದ ಹತ್ತಿರ ಇತ್ತು, ಮೀಸೆ ಈಗ ಬರುತ್ತಿರುವ ಹುಡುಗ. ಅವನ ಕಣ್ಣಲ್ಲೂ ಹೆದರಿಕೆ ಇತ್ತು, ಅದು ನನ್ನನ್ನು ಇನ್ನಷ್ಟು ಹೆದರಿಸಿತು. ಕಾವನ್ನು ಸ್ವಲ್ಪ ಓರೆ ಮಾಡಿ ಕೆಳಗಿನಿಂದ ಬೀಸಿದರೆ ಅಂಚು ಅವನ ಮೊಣಕಾಲಿನ ಕೆಳಗೆ ಕೂಡುತ್ತದೆ. ಗೊತ್ತಿತ್ತು. ತೋಳು ಆಗಲೇ ಅದಕ್ಕೆ ತಯಾರಾಗಿತ್ತು, ಕಾಲು ಅಗಲಿಸಿ ನಿಂತಿತ್ತು. ಒಬ್ಬ ಬೀಳುತ್ತಾನೆ. ಆಮೇಲೆ ಉಳಿದವರು ನನ್ನನ್ನು ಬಿಡುವುದಿಲ್ಲ, ಅದು ಇರಲಿ. ಅವ್ವ ಎಲ್ಲಿದ್ದಾಳೋ, ಅವಳನ್ನು ಬಿಡುತ್ತಾರೆಯೇ? ಮಗಳು ನೋಡುತ್ತಾಳೆ.

ಬೆರಳು ಬಿಚ್ಚಿದೆ. ಒಂದೊಂದಾಗಿ ಬಿಚ್ಚಬೇಕಾಯಿತು, ಒಮ್ಮೆಗೇ ಬರಲಿಲ್ಲ. ಸಲಿಕೆ ಅವನ ಕೈಗೆ ಹೋಯಿತು. ಅಷ್ಟು ಬರಿದಾದ ಕೈ ನನಗೆ ಯಾವತ್ತೂ ಇರಲಿಲ್ಲ.

ಸುಳ್ಳು ಬಿಟ್ಟು ಇದ್ದದ್ದನ್ನು ಹೇಳಿದೆ. ನೀರು ಹಾಯಿಸಿಲ್ಲ. ನನ್ನ ತಾಯಿ, ನನ್ನ ಮಗಳು, ಈ ಪುಲಿನ ಹತ್ತಿರ ತಪ್ಪಿ ಇಳಿದಿದ್ದಾರೆ. ಅವರನ್ನು ಹುಡುಕಲು ಬಂದೆ.

ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಮೆಲ್ಲಗೆ ಅಂದ, "ಇದು ಅವಳ ಜೊತೆಯವನೇ. ಅದೇ ಭಾಷೆ."

ಹಾಗಾದರೆ ಅವ್ವ ಇವರ ಕೈಯಲ್ಲೇ ಇದ್ದಾಳೆ. ಹೊಡೆದಿದ್ದೀರಾ ಎಂದು ಕೇಳಲು ಬಾಯಿ ತೆರೆದೆ, ಕೇಳಲಿಲ್ಲ. ಹೌದು ಅಂದುಬಿಟ್ಟರೆ ಆ ದಾರಿಯನ್ನು ನಡೆಯಲು ನನ್ನಿಂದ ಆಗುತ್ತಿರಲಿಲ್ಲ. ಎರಡು ಕಡೆ ಎರಡು ತೋಳು ಹಿಡಿದು ಊರೊಳಗೆ ಕರೆದುಕೊಂಡು ಹೋದರು. ಮುದುಕನೂ ಎದ್ದು ಹಿಂದೆ ಬಂದ. ಬಾಗಿಲುಗಳಲ್ಲಿ ಹೆಂಗಸರು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಂಡು ನನ್ನನ್ನು ನೋಡಿದರು. ಆ ನೋಟವನ್ನು ನಾನು ಏನೆಂದು ಬರೆಯಲಿ. ನಾನು ಯಾರ ಎಲೆಯಲ್ಲೂ ಕೈಹಾಕಿದವನಲ್ಲ.

ಮಾರುತಿ ಗುಡಿಯ ಕಟ್ಟೆಯ ಮೇಲೆ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಜನ ನೆರೆದಿದ್ದರು, ನಾಲ್ಕೈದು ಫೋನು ಎತ್ತಿ ಹಿಡಿದಿದ್ದರು. ಅವ್ವ ಗೋಡೆಗೆ ಬೆನ್ನು ಹಚ್ಚಿ ಕುಳಿತಿದ್ದಳು. ತಲೆಯ ಸೆರಗು ಜಾರಿತ್ತು. ನಾನು ಅವ್ವನನ್ನು ಹೊರಗಿನವರ ಮುಂದೆ ಬರಿದಲೆಯಲ್ಲಿ ನೋಡಿದವನಲ್ಲ. ರವಕೆಯ ತೋಳು ಹರಿದಿತ್ತು. ಮೈಮೇಲೆ ಗಾಯ ಕಾಣಲಿಲ್ಲ. ಮಗಳು ಅವಳ ತೊಡೆಯ ಮೇಲೆ ಮುಖ ಮುಚ್ಚಿಕೊಂಡಿದ್ದಳು. ಮುಂದೆ ಗಂಟು ಬಿಚ್ಚಿ ಹರವಿದ್ದರು: ರೊಟ್ಟಿ, ಶೇಂಗಾ ಹಿಂಡಿ, ಒಂದು ಬಿಸ್ಕತ್ತಿನ ಪುಡಕೆ, ಪೈಠಣದಲ್ಲಿ ಮೊಮ್ಮಗಳಿಗೆ ಕೊಂಡ ಹೊಸ ಫ್ರಾಕು. ಒಬ್ಬ ಹೆಂಗಸು ಫ್ರಾಕನ್ನು ಎತ್ತಿ ತೋರಿಸಿ, "ದಾರಿಯಲ್ಲಿ ಬಟ್ಟೆ ಬದಲಿಸಿಬಿಡುತ್ತಾರೆ, ಗುರುತು ಸಿಗಬಾರದೆಂದು" ಅನ್ನುತ್ತಿದ್ದಳು. ಬಿಸ್ಕತ್ತಿನಲ್ಲಿ ಮದ್ದು ಇದೆ ಎಂದು ಇನ್ನೊಬ್ಬಳು.

ಅವ್ವ ನನ್ನನ್ನು ನೋಡಿದಳು. ಅಳಲಿಲ್ಲ.

"ಎಲ್ಲಾ ಹೇಳಿದ್ನಿ ತಮ್ಮಾ" ಅಂದಳು. "ನಿನ್ನ ಹೆಸರ ಹೇಳಿದ್ನಿ, ತ್ವಾಟ ಹೇಳಿದ್ನಿ, ಧಣೀದು ಹೇಳಿದ್ನಿ. ಒಬ್ಬರಿಗೂ ಮುಟ್ಟವಲ್ದು. ಈಕಿ ನೋಡಿದ್ರ ತುಟಿ ಪಿಟಕ್ ಅನವಲ್ಲಳು. ಗಂಟಲಾಗ ಏನರ ಆಗೇತೋ ಏನೋ ನೋಡು ಕೂಸಿಗೆ."

ಕೂಸನ್ನು ಆ ಊರಿನವರು ಎಷ್ಟೋ ಸಲ ಕೇಳಿದ್ದರಂತೆ. ನಿನ್ನ ಹೆಸರೇನು, ಊರು ಯಾವುದು, ಇವಳು ಯಾರು. ಚಾಕಲೇಟು ಕೊಟ್ಟು ಕೇಳಿದ್ದರು, ಗದರಿಸಿ ಕೇಳಿದ್ದರು. ಅವಳು ಬಾಯಿ ಬಿಟ್ಟಿರಲಿಲ್ಲ. ಹೆದರಿಸಿ ಇಟ್ಟಿದ್ದಾರೆ ಎಂದು ಜನ ತಿಳಿದರು. ಹೆದರಿಸಿದ್ದು ನಿಜ. ಹೆದರಿಸಿದವನು ನಾನು.

"ಮಗಾ" ಎಂದು ಕರೆದೆ. ಅವಳು ತಲೆ ಎತ್ತಿ ನನ್ನ ತೋಳುಗಳನ್ನು ಹಿಡಿದವರನ್ನು ನೋಡಿದಳು, ಮತ್ತೆ ಮುಖ ಮುಚ್ಚಿದಳು.

"ನೋಡಿ, ಇವನನ್ನೂ ಗುರುತಿಸುವುದಿಲ್ಲ" ಎಂದು ಬ್ಯಾಟಿನ ಹುಡುಗ ಅಂದ. ಹಿಂದೆ ಜನ ಮುಂದಕ್ಕೆ ಒತ್ತಿದರು. ಯಾರದೋ ಕೋಲಿನ ತುದಿ ನನ್ನ ಪಕ್ಕೆಗೆ ತಾಗಿತು, ಬೇಕೆಂದೇ ತಾಗಿಸಿದ್ದೋ ಒತ್ತಿಗೋ ತಿಳಿಯಲಿಲ್ಲ. ಇನ್ನು ಒಂದು ಏಟು ಬೀಳುವುದಷ್ಟೇ ಬಾಕಿ. ಮೊದಲ ಏಟು ಬಿದ್ದರೆ ಆಮೇಲೆ ಯಾರೂ ಯಾರ ಮಾತನ್ನೂ ಕೇಳುವುದಿಲ್ಲ.

ಮೊಣಕಾಲೂರಿ ಕುಳಿತೆ. ತೋಳು ಹಿಡಿದವರೂ ನನ್ನ ಜೊತೆ ಬಗ್ಗಿದರು. ಮಗಳ ಕಿವಿಯ ಮಟ್ಟಕ್ಕೆ ಬಂದು ಅವಳ ಮಾತಿನಲ್ಲೇ, ಮರಾಠಿಯಲ್ಲಿ ಹೇಳಿದೆ, "ಹೇಳು ಬಾಳಾ, ಹೇಳು ಕೂಸೇ. ಇವಳು ಯಾರು, ಇವರಿಗೆಲ್ಲ ಹೇಳು."

ಅವಳು ಒಂದು ಕಣ್ಣು ಹೊರಗೆ ತೆಗೆದಳು. ಬಹಳ ಸಿಟ್ಟಿನಿಂದ, ಆ ಊರಿನ ಮಕ್ಕಳು ಹೇಗೆ ಮಾತಾಡುತ್ತಾರೋ ಹಾಗೇ ಅಂದಳು:

"ನೀನೇ ತಾನೇ ಪಪ್ಪಾ ಹೇಳಿದ್ದು, ಯಾರ ಹತ್ತಿರಾನೂ ಮಾತಾಡಬಾರದು ಅಂತ? ಈಗ ಹೇಳಿದರೆ ಆಮೇಲೆ ಮಮ್ಮಿ ಬೈದರೆ?"

ಕಟ್ಟೆಯ ಕೆಳಗೆ ಕುಳಿತಿದ್ದ ಒಬ್ಬ ಮುದುಕಿ ಮೊದಲು ನಕ್ಕಳು. ಹಲ್ಲಿಲ್ಲದ ಬಾಯಿ. ಆಮೇಲೆ ಇನ್ನಿಬ್ಬರು ಹೆಂಗಸರು. ಫ್ರಾಕು ಹಿಡಿದಿದ್ದವಳು ಅದನ್ನು ಕೆಳಗಿಟ್ಟಳು. "ಅಯ್ಯ ನನ್ನವ್ವಾ, ನಾನೂ ನನ್ನ ಮೊಮ್ಮಗನಿಗೆ ಇದನ್ನೇ ಹೇಳಿಟ್ಟಿದ್ದೇನೆ" ಎಂದು ಮುದುಕಿ ಅಂದಳು. "ಬಿಡಿ ಅವನ ತೋಳು. ಯಾರಾದರೂ ಕದ್ದ ಕೂಸು ಹೀಗೆ ತೊಡೆಗೆ ಅಂಟಿ ಕೂಡುತ್ತದೆಯೇ?"

ಬ್ಯಾಟಿನ ಹುಡುಗ ಒಪ್ಪಲಿಲ್ಲ. "ಹೇಳಿಕೊಟ್ಟಿರುತ್ತಾರೆ ಆಜಿ. ನಿನಗೇನು ಗೊತ್ತು."

"ನಿನಗೆ ನಿನ್ನ ಅವ್ವ ದಿನಾ ಹೇಳಿಕೊಡುತ್ತಾಳೆ, ಒಂದಾದರೂ ನಿನ್ನ ಬಾಯಲ್ಲಿ ನಿಂತಿದೆಯೇನು?"

ಜನ ನಕ್ಕರು, ಅವನು ಮುಖ ಕೆಂಪಗೆ ಮಾಡಿಕೊಂಡು ಹಿಂದೆ ಸರಿದ. ಆದರೂ ನಮ್ಮನ್ನು ಹೋಗಲು ಬಿಡಲಿಲ್ಲ. ಬಿಳಿ ಟೊಪ್ಪಿಗೆಯ ಮುದುಕ ನಮ್ಮ ಧಣಿಯ ಹೆಸರು ಕೇಳಿದ, ಫೋನ್ ಹಚ್ಚು ಅಂದ. ಈ ಸಲ ಧಣಿ ಎತ್ತಿದರು. ಎಲ್ಲರಿಗೂ ಕೇಳುವ ಹಾಗೆ ಇಟ್ಟರು. ಧಣಿ ಮದುವೆಯ ಊಟದಲ್ಲಿದ್ದರು, ಹಿಂದೆ ಬ್ಯಾಂಡಿನ ಸದ್ದು. "ಅವನು ನನ್ನ ಮನೆಯವನು" ಎಂದು ಹೇಳಿ ಆ ಊರಿನ ಇಬ್ಬರು ದೊಡ್ಡವರ ಹೆಸರು ಹಿಡಿದು ಬೈದರು. ಆಮೇಲೆ ನನ್ನನ್ನೂ ಬೈದರು, ಮುದುಕಿಯನ್ನು ಒಬ್ಬಳೇ ಯಾಕೆ ಕಳಿಸಿದೆ ಎಂದು.

ಚಹಾ ಬಂತು. ಅವ್ವ ಬೇಡ ಅಂದಳು. ಹಲ್ಲಿಲ್ಲದ ಮುದುಕಿ ಮೇಲೆ ಹತ್ತಿ ಬಂದು ಅವ್ವನ ಸೆರಗನ್ನು ತಲೆಯ ಮೇಲೆ ಎಳೆದು ಸರಿ ಮಾಡಿದಳು. ಆಮೇಲೆ ಅವ್ವ ಚಹಾ ಕುಡಿದಳು.

ಇಬ್ಬರು ಹುಡುಗರು ಬ್ಯಾಟರಿ ಹಿಡಿದು ಪುಲಿನ ಆಚೆಯವರೆಗೆ ಕಳಿಸಲು ಬಂದರು. ಬ್ಯಾಟಿನ ಹುಡುಗನೇ ಸಲಿಕೆ ಹೊತ್ತು ಬಂದ. ತಿರುಗಿ ಕೊಡುವಾಗ, "ಕಾಕಾ, ಸಿಟ್ಟು ಮಾಡಬೇಡಿ" ಅಂದ. ಆಮೇಲೆ, "ಸಲಿಕೆ ಅಂತ ನಿಲ್ಲಿಸಿ ಕೇಳಿದೆವು. ಕೊಡಲಿ ಗಿಡಲಿ ಇದ್ದಿದ್ದರೆ ಕೇಳುತ್ತಿರಲಿಲ್ಲ" ಅಂದ. ಅವನು ಬೆದರಿಸಲು ಹೇಳಿದ್ದಲ್ಲ, ಸಮಾಧಾನಕ್ಕೆ ಹೇಳಿದ್ದು. ಕೆಸರು ಒಣಗಿ ಕಾಲಿನ ಚರ್ಮ ಬಿಗಿಯುತ್ತಿತ್ತು.

ಮಗಳು ಹೆಗಲ ಮೇಲೆ ನಿದ್ದೆ ಹೋದಳು. ಅವ್ವ ನನ್ನ ಅಂಗಿಯ ಚುಂಗು ಹಿಡಿದು ನಡೆದಳು, ಸಣ್ಣವನಿದ್ದಾಗ ನಾನು ಅವಳ ಸೆರಗು ಹಿಡಿದ ಹಾಗೆ.

"ಆ ಟಾಕಿ ನಮ್ದಂಗ ಇತ್ತಲ್ಲೋ ತಮ್ಮಾ" ಅಂದಳು ಒಮ್ಮೆ.

"ಎಲ್ಲಾ ಹಂಗ ಅದಾವ ಬೇ."

"ಕೂಸು ಅಲ್ಲ ಅಲ್ಲ ಅಂತಿತ್ತು. ನಾ ಕೇಳಲಿಲ್ಲ."

ತೋಟದ ಬಾಯಲ್ಲಿ ಹೆಂಡತಿ ನಿಂತಿದ್ದಳು. ಜ್ವರದ ಮೈ, ಕಂಬಳಿ, ಕೈಯಲ್ಲಿ ಆ ಕೊಡಲಿ. ನಮ್ಮನ್ನು ನೋಡಿದ ಮೇಲೂ ಅದನ್ನು ಕೆಳಗಿಡಲು ಅವಳಿಗೆ ಹೊಳೆಯಲಿಲ್ಲ, ಹಾಗೇ ಬಂದು ಮಗಳ ಬೆನ್ನು ಸವರಿದಳು.

"ಇದ್ಯಾಕ ಹಿಡಕೊಂಡಿ?" ಎಂದೆ.

"ಮತ್ತೇನ ಹಿಡೀಲಿ" ಅಂದಳು.

ಅವ್ವ ಇನ್ನೂ ಹದಿನೈದು ದಿನ ಇರಬೇಕೆಂದು ಬಂದವಳು. ಮರುದಿನವೇ ಊರಿಗೆ ಹೋಗುತ್ತೇನೆ ಅಂದಳು. ನಾನು ಒತ್ತಾಯ ಮಾಡಲಿಲ್ಲ, ಹೆಂಡತಿ ಮಾಡಿ ನಾಲ್ಕು ದಿನ ಇಟ್ಟುಕೊಂಡಳು. ಆ ನಾಲ್ಕು ದಿನ ಅವ್ವ ತೋಟದ ಬೇಲಿ ದಾಟಲಿಲ್ಲ. ಒಂದು ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ಮಗಳು ಎದುರಿಗೆ ಕುಳಿತು ಮಾಸ್ತರ ಹಾಗೆ ಬೆರಳು ಎತ್ತಿ ಹೇಳಿಕೊಡುತ್ತಿದ್ದಳು. "ಹೀ ಮಾಝೀ ನಾತ ಆಹೆ." ಇವಳು ನನ್ನ ಮೊಮ್ಮಗಳು. ಅವ್ವ ಒಂದೊಂದು ಬಡಿತಕ್ಕೆ ಒಂದೊಂದು ಶಬ್ದ ಹೇಳುತ್ತಿದ್ದಳು. ತಪ್ಪಿದರೆ ಮಗಳು ನಗುತ್ತಿದ್ದಳು, ಅವ್ವ ನಗುತ್ತಿರಲಿಲ್ಲ. ಮತ್ತೆ ಮೊದಲಿಂದ ಹೇಳುತ್ತಿದ್ದಳು.

ಸಂಭಾಜಿನಗರದ ಸ್ಟ್ಯಾಂಡಿನಲ್ಲಿ ಸೋಲಾಪುರದ ಬಸ್ಸಿಗೆ ಹತ್ತಿಸಲು ನಾವು ಮೂವರೂ ಹೋಗಿದ್ದೆವು. ಕಿಟಕಿಯ ಹತ್ತಿರ ಸೀಟು ಸಿಕ್ಕಿತು. ಮಗಳನ್ನು ಎತ್ತಿ ಹಿಡಿದೆ, ಅವ್ವ ಕಂಬಿಯ ನಡುವಿನಿಂದ ಕೈ ಹೊರಗೆ ಹಾಕಿ ಅವಳ ಗಲ್ಲ ಹಿಡಿದಳು. ಪಕ್ಕದ ಸೀಟಿನಲ್ಲಿ ಕುಳಿತ ಹೆಂಗಸು ಸುಮ್ಮನೆ ಈ ಕಡೆ ನೋಡಿದಳು, ಎಲ್ಲರೂ ನೋಡುವ ಹಾಗೆ. ಅವ್ವನ ಕೈ ಗಲ್ಲದಿಂದ ಒಮ್ಮೆಗೇ ಹಿಂದೆ ಹೋಯಿತು. ಆ ಹೆಂಗಸಿನ ಕಡೆ ತಿರುಗಿ, ಏನೂ ಕೇಳದಿದ್ದವಳಿಗೆ, ಗಟ್ಟಿಯಾಗಿ, ಒಂದು ಶಬ್ದವೂ ತಪ್ಪದೆ ಹೇಳಿದಳು:

"ಹೀ ಮಾಝೀ ನಾತ ಆಹೆ."

ಆ ಹೆಂಗಸು ಹೌದೇ, ಚೆನ್ನಾಗಿದ್ದಾಳೆ ಎಂಬಂತೆ ತಲೆಯಾಡಿಸಿದಳು. ಅವ್ವ ಅವಳ ಮುಖವನ್ನೇ ನೋಡುತ್ತಿದ್ದಳು, ನಂಬಿದಳೋ ಇಲ್ಲವೋ ಎಂದು. ಬಸ್ಸು ಹೊರಟಿತು. ಮಗಳು ಕೈ ಬೀಸಿದಳು. ಅವ್ವ ಕೈ ಬೀಸಲಿಲ್ಲ, ಇನ್ನೂ ಆ ಕಡೆಯೇ ತಿರುಗಿ ಏನೋ ಹೇಳುತ್ತಿದ್ದಳು. ನಾನು ಮಗಳನ್ನು ಗಟ್ಟಿಯಾಗಿ ಹಿಡಿದು, ಸುತ್ತ ಯಾರು ನಮ್ಮನ್ನು ನೋಡುತ್ತಿದ್ದಾರೆ ಎಂದು ನೋಡಿದೆ.